ಯಾರ ಕಡಿಂದ ಬಂದಿ? ವಶೀಲಿಯ ಚರಿತ್ರೆಗೆ ಕೆಲವು ಟಿಪ್ಪಣಿಗಳು

ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆ ಕೆಲಸ ಕೇಳಿಕೊಂಡು ಹೋದವನಿಗೆ ‘ಏನ್ ಓದೀದಿ?’ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಮೊದಲು ಬರುವುದು ‘ಯಾರ ಕಡಿಂದ ಬಂದಿ?’ ಎಂಬ ಪ್ರಶ್ನೆ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯಲಿಕ್ಕೆ ಹೋದರೂ ಅಷ್ಟೆ, ರೈಸ್‌ಮಿಲ್ಲಿನಲ್ಲಿ ತೂಕದ ಚೀಟಿ ಬರೆಯಲಿಕ್ಕೆ ಹೋದರೂ ಅಷ್ಟೆ. ಈ ಪ್ರಶ್ನೆಗೆ ಉತ್ತರವಾಗಿ ಒಂದು ಹೆಸರು ಹೇಳಬೇಕು. ಆ ಹೆಸರಿಗೆ ಅಂಗಡಿಯಲ್ಲಿ ಕೂತವನ ತಲೆ ಅಲ್ಲಾಡಬೇಕು. ಇದಕ್ಕೆ ನಮ್ಮ ಜನ ಇಟ್ಟಿರುವ ಹೆಸರು ವಶೀಲಿ. ಅರಬ್ಬಿಯ ‘ವಸೀಲಾ’ ಎಂಬ ಮಾತು ಉರ್ದುವಿನ ದಾರಿಯಲ್ಲಿ ನಮ್ಮ ಬಾಯಿಗೆ ಬಂದು ವಶೀಲಿಯಾಗಿದೆ. ಅದರ ಜೊತೆಗೇ ಸಿಫಾರಸು, ಜಾಮೀನು, ಉಮೇದುವಾರ ಎಂಬ ಮಾತುಗಳೂ ಬಂದವು. ಆಳುವವರ ಭಾಷೆಯಿಂದ ಜನ ಯಾವ ಮಾತುಗಳನ್ನು ಎತ್ತಿಕೊಂಡರು ಎಂಬುದನ್ನು ನೋಡಿದರೇ ಆ ಆಳ್ವಿಕೆ ಅವರಿಗೆ ಏನಾಗಿತ್ತೆಂದು ಅರ್ಧ ತಿಳಿಯುತ್ತದೆ.

ಈಗ ಈ ವಶೀಲಿಗೆ ಬೆಂಗಳೂರಿನಲ್ಲಿ ಹೊಸ ಹೆಸರಿದೆ: ರೆಫರಲ್. ಹಣಕಾಸು ಕಂಪನಿಗಳಲ್ಲಿ, ವಿದೇಶಿ ಬ್ಯಾಂಕುಗಳ ಬೆಂಗಳೂರು ಕಚೇರಿಗಳಲ್ಲಿ, ಲೆಕ್ಕಪರಿಶೋಧನೆಯ ದೊಡ್ಡ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳನ್ನು ಎರಡು ಮೂರು ತಿಂಗಳ ಮಟ್ಟಿಗೆ ಕೆಲಸ ಕಲಿಯಲು ತೆಗೆದುಕೊಳ್ಳುತ್ತಾರೆ. ಅದು ಇಂಟರ್ನ್‌ಶಿಪ್. ಅದನ್ನು ಚೆನ್ನಾಗಿ ಮುಗಿಸಿದವರಿಗೆ ಓದು ಮುಗಿಯುವ ಮೊದಲೇ ಖಾಯಂ ಕೆಲಸದ ಕಾಗದ ಸಿಗುವುದುಂಟು. ಹಾಗಾಗಿ ಇದನ್ನು ತರಬೇತಿ ಅನ್ನುವುದಕ್ಕಿಂತ ಬಾಗಿಲು ಅನ್ನುವುದೇ ಸರಿ. ಇದಕ್ಕೆ ಅರ್ಜಿ ಹಾಕುವವರು ಸಾವಿರಗಟ್ಟಲೆ, ಸಂದರ್ಶನಕ್ಕೆ ಕರೆಯುವುದು ಕೆಲವರನ್ನು. ಆ ಕೆಲವರನ್ನು ಆರಿಸುವ ಹೊತ್ತಿನಲ್ಲಿ, ಕಂಪನಿಯೊಳಗೆ ಈಗಾಗಲೇ ಕೆಲಸದಲ್ಲಿರುವ ನೌಕರನೊಬ್ಬ ‘ಈ ಹುಡುಗನನ್ನು ನಾನು ಬಲ್ಲೆ’ ಎಂದು ಹೆಸರು ಸೇರಿಸಿದ್ದರೆ ಆ ಅರ್ಜಿ ರಾಶಿಯಿಂದ ಮೇಲಕ್ಕೆ ಬರುತ್ತದೆ. ಖಾಯಂ ಕೆಲಸಕ್ಕೆ ಹೆಸರು ಕೊಟ್ಟು, ಆತ ಆಯ್ಕೆಯಾದರೆ ನೌಕರನಿಗೆ ಇನಾಮು ಕೊಡುವ ಕಂಪನಿಗಳೂ ಇವೆ. ಎಲ್ಲ ಅಧಿಕೃತ, ಎಲ್ಲ ರಾಜಾರೋಷ. ಊರಿನ ಮುನ್ಸಿಪಾಲಿಟಿಯಲ್ಲಿ ಇದನ್ನೇ ಮಾಡಿದರೆ ಭ್ರಷ್ಟಾಚಾರ ಅನ್ನುತ್ತೇವೆ, ಗಾಜಿನ ಕಟ್ಟಡದಲ್ಲಿ ಮಾಡಿದರೆ ಮಾನವ ಸಂಪನ್ಮೂಲ ನೀತಿ ಅನ್ನುತ್ತೇವೆ.

ದಲಿತ ವಿಮರ್ಶೆ ಇಲ್ಲಿಯವರೆಗೆ ಪರೀಕ್ಷೆಯ ಬಗ್ಗೆ ಬಹಳ ಬರೆದಿದೆ. ಪ್ರತಿಭೆ ಎಂಬ ಮಾತಿನ ಮೋಸವನ್ನು, ಮೀಸಲಾತಿ ವಿರೋಧಿಗಳ ತರ್ಕವನ್ನು ಬಿಡಿಸಿ ತೋರಿಸಿದೆ. ಆದರೆ ಪರೀಕ್ಷೆಗೆ ಮೊದಲು ಒಂದು ಹೊಸ್ತಿಲಿದೆ. ಅಲ್ಲಿ ಯಾರೂ ಅಂಕ ಕೊಡುವುದಿಲ್ಲ, ಯಾರೂ ನಪಾಸು ಮಾಡುವುದಿಲ್ಲ. ಕರೆಯುವುದಿಲ್ಲ, ಅಷ್ಟೆ. ಕರೆಯದೆ ಇದ್ದವನಿಗೆ ತನಗೆ ಅನ್ಯಾಯವಾಯಿತೆಂದು ಹೇಳಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಈ ಹೊಸ್ತಿಲಿನ ಚರಿತ್ರೆಯನ್ನು ನಮ್ಮ ಸೀಮೆಯಿಂದಲೇ ಬರೆಯಲು ಸಾಧ್ಯ ಎಂದು ನನಗನ್ನಿಸುತ್ತದೆ.

ಉಮೇದುವಾರ ಎಂಬ ಮಾತಿನಿಂದಲೇ ಶುರು ಮಾಡಬಹುದು. ಇವತ್ತು ಚುನಾವಣೆಗೆ ನಿಂತವನನ್ನು ಉಮೇದುವಾರ ಎನ್ನುತ್ತೇವೆ. ಫಾರಸಿಯಲ್ಲಿ ಇದರ ಅರ್ಥ ‘ಆಸೆ ಇಟ್ಟುಕೊಂಡವನು’. ಕಂಪನಿ ಸರಕಾರದ ಕಾಲದ ಕಚೇರಿಗಳಲ್ಲಿ ಈ ಹೆಸರಿನ ಒಂದು ದಂಡೇ ಇರುತ್ತಿತ್ತು. ಸಂಬಳವಿಲ್ಲದೆ ಶಿರಸ್ತೇದಾರನ ಹಿಂದೆ ಮುಂದೆ ಓಡಾಡುತ್ತ, ಪತ್ರಗಳ ನಕಲು ಮಾಡುತ್ತ, ಲೆಕ್ಕ ಕೂಡಿಸುತ್ತ, ಯಾವತ್ತೋ ಒಂದು ದಿನ ಖಾಲಿ ಬೀಳುವ ಜಾಗಕ್ಕಾಗಿ ಕಾಯುವ ಹುಡುಗರು ಇವರು. ಯಾರಾದರೂ ಹೋಗಿ ಉಮೇದುವಾರನಾಗಿ ಕೂಡುವ ಹಾಗಿರಲಿಲ್ಲ. ಶಿರಸ್ತೇದಾರನ ಅಳಿಯನೋ, ಮುನ್ಷಿಯ ಅಕ್ಕನ ಮಗನೋ ಆಗಿರಬೇಕು. ವರ್ಷಗಟ್ಟಲೆ ಸಂಬಳವಿಲ್ಲದೆ ಕಾಯುವುದಕ್ಕೆ ಮನೆಯಲ್ಲಿ ಇನಾಂ ಭೂಮಿಯೋ ಮತ್ತೊಂದೋ ಇರಬೇಕು. ಇವತ್ತಿನ ಪುಕ್ಕಟೆ ಇಂಟರ್ನ್‌ಶಿಪ್ಪಿನ ಎರಡೂ ಲಕ್ಷಣಗಳು, ಒಳಗಿನವರ ಪರಿಚಯ ಮತ್ತು ಹೊಟ್ಟೆಗೆ ಬೇರೆ ದಾರಿ, ಆಗಲೇ ಪೂರ್ತಿಯಾಗಿ ಇದ್ದವು.

ಹೀಗಾಗಿ ಏನಾಯಿತು? ಮದರಾಸು ಪ್ರಾಂತದ ಗುಂಟೂರು ಜಿಲ್ಲೆಯಲ್ಲಿ 1840ರ ದಶಕದ ಹೊತ್ತಿಗೆ ಕೆಲವೇ ದೇಶಸ್ಥ ಬ್ರಾಹ್ಮಣ ಮನೆತನಗಳು ಕಂದಾಯದ ಲೆಕ್ಕವನ್ನೆಲ್ಲ ಹಿಡಿದುಕೊಂಡಿದ್ದವು. ಜಿಲ್ಲೆಯ ಹುಟ್ಟುವಳಿ ಎಷ್ಟು ಎಂಬುದೇ ಕಲೆಕ್ಟರನಿಗೆ ಗೊತ್ತಾಗದ ಸ್ಥಿತಿ. ಇದರಿಂದೆಲ್ಲ ಬುದ್ಧಿ ಕಲಿತ ಮದರಾಸಿನ ರೆವಿನ್ಯೂ ಬೋರ್ಡು 1854ರಲ್ಲಿ ಒಂದು ಸ್ಥಾಯೀ ಆಜ್ಞೆ ಹೊರಡಿಸಿತು; ಅದರ ಸಂಖ್ಯೆ 128. ಜಿಲ್ಲೆಯ ಹುದ್ದೆಗಳು ಕೆಲವೇ ಪ್ರಬಲ ಮನೆತನಗಳ ಸ್ವತ್ತಾಗದಂತೆ ನೋಡಿಕೊಳ್ಳಬೇಕು, ಮುಖ್ಯ ಹುದ್ದೆಗಳನ್ನು ಬೇರೆ ಬೇರೆ ಜಾತಿಗಳ ನಡುವೆ ಹಂಚಬೇಕು ಎಂಬುದು ಅದರ ಸಾರ. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಆಗ ಮದರಾಸಿಗೆ ಸೇರಿತ್ತು, ಆದ್ದರಿಂದ ಈ ಆಜ್ಞೆ ಅಲ್ಲಿಗೂ ಅನ್ವಯಿಸುತ್ತಿತ್ತು. ನದಿಯ ಈಚೆ ನಮ್ಮ ಸೀಮೆಯಲ್ಲಿ ಅದು ಕೂಡ ಇರಲಿಲ್ಲ. ಬ್ರಿಟಿಷರು ಇದನ್ನು ನ್ಯಾಯದ ಪ್ರೀತಿಯಿಂದ ಮಾಡಲಿಲ್ಲ, ತಮ್ಮ ಖಜಾನೆ ಸೋರದಿರಲಿ ಎಂದು ಮಾಡಿದರು. ಅವರು ಹೇಳಿದ ಜಾತಿಗಳ ಪಟ್ಟಿಯಲ್ಲಿ ಹೊಲೆಯ ಮಾದಿಗರು ಯಾರ ಮನಸ್ಸಿನಲ್ಲೂ ಇರಲಿಲ್ಲ. ಆದರೂ ಇದೊಂದು ಗುರುತಿಡಬೇಕಾದ ದಿನಾಂಕ. ಪರಿಚಯದ ಮೂಲಕ ಆಗುವ ನೇಮಕ ಬರಬರುತ್ತ ಒಂದೇ ಜಾತಿಯ ಗುತ್ತಿಗೆ ಆಗುತ್ತದೆ ಎಂಬುದನ್ನು ಆಳುವವರೇ ಬರೆದು ಒಪ್ಪಿಕೊಂಡರು.

ಹಾಗಂತ ಬಿಳಿಯರು ತಾವೇನು ಬೇರೆ ದಾರಿಯಲ್ಲಿ ಬಂದವರಲ್ಲ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ನಿರ್ದೇಶಕರ ನಾಮಕರಣ ಬೇಕಿತ್ತು. 1853ರ ಸನ್ನದು ಕಾಯಿದೆ ಆ ಹಕ್ಕನ್ನು ತೆಗೆದುಹಾಕಿದ ಮೇಲೆಯೇ 1855ರಲ್ಲಿ ಸ್ಪರ್ಧಾ ಪರೀಕ್ಷೆ ಬಂದದ್ದು. ನಮ್ಮ ಸೀಮೆಯವರಿಗೆ ಗೊತ್ತಿರುವ ಉದಾಹರಣೆಯೆಂದರೆ ಮೆಡೋಸ್ ಟೇಲರ್. ಸುರಪುರದ ಆಡಳಿತ ನೋಡಿದವನು, ನಮ್ಮ ದೋಆಬಿನ ಹಳೆಯ ಸಮಾಧಿ ಕಲ್ಲುಗಳನ್ನು ಅಗೆಸಿ ನೋಡಿ ಬರೆದವನು. ಲಿಂಗಸುಗೂರು ಆಗ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ. ಮುಂದೆ 1905ರವರೆಗೆ ನಿಜಾಮರ ಒಂದು ಜಿಲ್ಲೆಯ ಕೇಂದ್ರ. ಈ ಟೇಲರ್ ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಬಂದದ್ದು ಬ್ಯಾಕ್ಸ್‌ಟರ್ ಎಂಬ ವ್ಯಾಪಾರಿಯ ಗದ್ದುಗೆಯಲ್ಲಿ ಗುಮಾಸ್ತಿಕೆ ಕಲಿಯಲು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಹಣಕಾಸಿನ ಇಂಟರ್ನ್. ಬಂದು ನೋಡಿದರೆ ಬ್ಯಾಕ್ಸ್‌ಟರನೇ ಸಾಲದಲ್ಲಿ ಮುಳುಗಿದ್ದ. ಹುಡುಗನ ಗತಿ? ಮುಂಬಯಿ ಸರಕಾರದ ಮುಖ್ಯ ಕಾರ್ಯದರ್ಶಿ ನ್ಯೂನ್‌ಹ್ಯಾಮ್ ಅವನ ತಾಯಿಯ ಕಡೆಯ ಬಂಧು. 1824ರಲ್ಲಿ ನಿಜಾಮರ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು. ಆತ ಒಳ್ಳೆಯ ಆಡಳಿತಗಾರ ಅನ್ನಿಸಿಕೊಂಡ, ಅದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯವನೆಂದು ತೋರಿಸಲಿಕ್ಕೆ ಅವನಿಗೆ ಅವಕಾಶ ಸಿಕ್ಕದ್ದು ತಾಯಿಯ ಬಂಧುವಿನ ಒಂದು ಮಾತಿನಿಂದ. ಪ್ರತಿಭೆ ಆಮೇಲೆ ಬಂತು. ನಮ್ಮ ಕೇರಿಯ ಎಷ್ಟು ಹದಿನೈದರ ಹುಡುಗರಿಗೆ ಮುಖ್ಯ ಕಾರ್ಯದರ್ಶಿ ಸೋದರಮಾವನಾಗಿರುತ್ತಾನೆ?

ನಿಜಾಮರ ರಾಜ್ಯದಲ್ಲಿ ಈ ಪ್ರಶ್ನೆ ಮುಲ್ಕಿ, ಗೈರ್ ಮುಲ್ಕಿ ಎಂಬ ಜಗಳವಾಯಿತು. ಒಂದನೆಯ ಸಾಲಾರ್ ಜಂಗ್ ದಿವಾನನಾಗಿದ್ದ ಕಾಲದಲ್ಲಿ (1853–1883) ಆಡಳಿತವನ್ನು ಆಧುನಿಕಗೊಳಿಸಲು ಉತ್ತರ ಹಿಂದೂಸ್ಥಾನದಿಂದ ಓದಿದವರನ್ನು ಕರೆಸಿದ. ಬಂದವರು ತಮ್ಮವರನ್ನು ಕರೆಸಿದರು. ಅವರು ಇನ್ನಷ್ಟು ತಮ್ಮವರನ್ನು. 1884ರಲ್ಲಿ ಫಾರಸಿಯ ಜಾಗಕ್ಕೆ ಉರ್ದು ಬಂದ ಮೇಲೆ ಈ ಸರಪಳಿ ಇನ್ನೂ ಗಟ್ಟಿಯಾಯಿತು. ಸ್ಥಳೀಯ ಕುಲೀನರು ಗಲಾಟೆ ಎಬ್ಬಿಸಿದರು, ಕೊನೆಗೆ 1919ರ ಫರ್ಮಾನು ಮುಲ್ಕಿ ಯಾರು ಎಂದು ವ್ಯಾಖ್ಯೆ ಮಾಡಿ ಹುದ್ದೆಗಳನ್ನು ಅವರಿಗೆ ಕಾದಿರಿಸಿತು. ಈ ಇಡೀ ಜಗಳ ಇಬ್ಬರು ಯಜಮಾನರ ನಡುವಿನದು. ‘ನನ್ನ ಅಳಿಯನಿಗೆ ಯಾಕಿಲ್ಲ, ಅವನ ಅಳಿಯನಿಗೆ ಯಾಕೆ’ ಎಂಬ ತಕರಾರು. ರಾಯಚೂರು ಸೀಮೆಯ ಕನ್ನಡ ಮಾತಾಡುವ ಮಾದಿಗ ಹುಡುಗ ಎರಡೂ ಪಟ್ಟಿಯಲ್ಲಿ ಇರಲಿಲ್ಲ. ಅವನು ಕಾಗದದ ಮೇಲೆ ಮುಲ್ಕಿ, ಕಚೇರಿಯ ಮುಂದೆ ಗೈರ್.

ಅದೇ ಸುಮಾರಿಗೆ ಮೈಸೂರಿನಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ 1918ರಲ್ಲಿ ನೇಮಕವಾಗಿ 1919ರಲ್ಲಿ ವರದಿ ಕೊಟ್ಟದ್ದು, ವಿಶ್ವೇಶ್ವರಯ್ಯನವರು ಅರ್ಹತೆಯ ಹೆಸರಿನಲ್ಲಿ ಅದನ್ನು ಒಪ್ಪದೆ ದಿವಾನಗಿರಿ ಬಿಟ್ಟದ್ದು ನಮ್ಮ ಓದುಗರಿಗೆ ಗೊತ್ತಿರುವ ಕತೆ. ಅದನ್ನು ಮತ್ತೆ ಹೇಳುವುದಿಲ್ಲ. ಒಂದೇ ಮಾತು: ಅರ್ಹತೆ ಎಂಬ ಪದವನ್ನು ಬಳಸಿದವರು, ಆ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಅಗ್ರಹಾರದ ಜಗಲಿಯನ್ನು ಎಂದೂ ವಶೀಲಿ ಎಂದು ಕರೆಯಲಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ದಲಿತರಿಗೆ ವಶೀಲಿಯೇ ಇರಲಿಲ್ಲವೆ? ಇತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಪ್ಪ ಪೌರಕಾರ್ಮಿಕನಾಗಿದ್ದರೆ ಮಗನ ಹೆಸರು ಮೇಸ್ತ್ರಿಯ ಕಿವಿಗೆ ತಾನಾಗಿಯೇ ಬೀಳುತ್ತಿತ್ತು. ಕೋಲಾರದ ಚಿನ್ನದ ಗಣಿಗೆ 1880ರ ದಶಕದಿಂದ ಉತ್ತರ ಆರ್ಕಾಟಿನ ಕಡೆಯ ದಲಿತರು ಬಂದದ್ದು ಗುತ್ತಿಗೆದಾರರ ಮೂಲಕ, ನೆಂಟರ ಮೂಲಕ. ಅಣ್ಣ ಇಳಿದ ಸುರಂಗಕ್ಕೆ ತಮ್ಮ ಇಳಿದ, ಅಪ್ಪನ ಕೆಲಸ ಮಗನಿಗೆ ಬಂತು, 2001ರಲ್ಲಿ ಗಣಿ ಮುಚ್ಚುವವರೆಗೂ. ನಮ್ಮ ತಾಲೂಕಿನ ಹಟ್ಟಿಯಲ್ಲಿ 1902ರಿಂದ 1920ರವರೆಗೆ ಒಂದು ಕಂಪನಿ ಚಿನ್ನ ತೆಗೆಯಿತು, ಆಮೇಲೆ 1947ರಲ್ಲಿ ಹೊಸ ಕಂಪನಿ ಶುರುವಾಗಿ ಇವತ್ತು ಅದು ರಾಜ್ಯ ಸರಕಾರದ್ದು. ಗಣಿಯ ಊರುಗಳಲ್ಲಿ ನೆಲದ ಕೆಳಗಿನ ಕೆಲಸಕ್ಕೆ ಪರಿಚಯ ಹೇಳುವವರು ನಮ್ಮವರಲ್ಲಿ ಸಿಗುತ್ತಾರೆ. ನೆಲದ ಮೇಲಿನ ಲೆಕ್ಕದ ಕೋಣೆಗೆ ಪರಿಚಯ ಹೇಳುವವರು ಸಿಗುವುದು ಕಷ್ಟ.

ಮುಂಬಯಿಯ ಗಿರಣಿಗಳಲ್ಲಿ ಇದೇ ಸಂಗತಿ ಇನ್ನೂ ಸ್ಪಷ್ಟವಾಗಿತ್ತು. ಜಾಬರ್ ಎಂಬ ಮೇಸ್ತ್ರಿ ತನ್ನ ಊರಿನವರನ್ನು, ಜಾತಿಯವರನ್ನು ತಂದು ತುಂಬುತ್ತಿದ್ದ. ಅಸ್ಪೃಶ್ಯರು ನೂಲುವ ವಿಭಾಗಕ್ಕೆ ಬರಬಹುದಿತ್ತು. ಹೆಚ್ಚು ಕೂಲಿಯ ನೇಯ್ಗೆ ವಿಭಾಗಕ್ಕೆ ಬರುವಂತಿರಲಿಲ್ಲ. ಯಾಕೆಂದರೆ ಲಾಳಿಯ ದಾರವನ್ನು ಬಾಯಿಂದ ಎಳೆಯಬೇಕಿತ್ತು, ಎಂಜಲಿನ ಮೈಲಿಗೆ. 1928ರ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಈ ಪ್ರಶ್ನೆ ಎತ್ತಿ ಕಾರ್ಮಿಕ ನಾಯಕರನ್ನು ಕೇಳಿದರು. ಅದೇ ಮುಂಬಯಿಯ ದಾದರಿನ ಶಾಲೆಗಳನ್ನು ಅಧ್ಯಯನ ಮಾಡಿ ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಬರೆದ ಸಂಗತಿಯೊಂದು ಯೋಚನೆಗೆ ಹಚ್ಚುತ್ತದೆ. ಕೆಳಜಾತಿಗಳ ಗಂಡುಹುಡುಗರಿಗೆ ಗಿರಣಿ, ಕಾರ್ಖಾನೆಯ ಕೆಲಸ ಕೊಡಿಸುವ ಜಾತಿಯ ಜಾಲ ಇತ್ತು, ಆದ್ದರಿಂದ ಅವರನ್ನು ಮರಾಠಿ ಶಾಲೆಗೇ ಕಳಿಸುತ್ತಿದ್ದರು. ಅಂಥ ಜಾಲವೇ ಇಲ್ಲದ ಹೆಣ್ಣುಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ ಮುಂದೆ ಬಂದರು. ಅಂದರೆ ನಮ್ಮ ವಶೀಲಿ ನಮ್ಮನ್ನು ಎತ್ತುವುದೂ ಹೌದು, ಅಲ್ಲೇ ಕಟ್ಟಿಹಾಕುವುದೂ ಹೌದು. ಬಡವನ ಪರಿಚಯ ಬಡವನ ಕೆಲಸಕ್ಕೇ ಒಯ್ಯುತ್ತದೆ.

ಹಣದ ಲೆಕ್ಕದ ಕೆಲಸವನ್ನು ಬೇರೆಯಾಗಿಯೇ ನೋಡಬೇಕು. ಕಿರ್ದಿ, ಖತಾವಣಿ ಬರೆಯುವ ಕೈ ಊರಿನ ಎಲ್ಲರ ಸಾಲದ ಗುಟ್ಟು ಬಲ್ಲ ಕೈ. ಸಿಂಧನೂರಿಗೆ ತುಂಗಭದ್ರಾ ಎಡದಂಡೆಯ ನೀರು ಬಂದ ಮೇಲೆ ಭತ್ತ ಬಂತು, ಕ್ಯಾಂಪುಗಳು ಬಂದವು, ರೈಸ್‌ಮಿಲ್ಲು ಬಂದವು, ಅಡತಿ ಅಂಗಡಿಗಳು ಸಾಲುಗಟ್ಟಿದವು. ಚೀಲ ಹೊರುವ ಹಮಾಲರಲ್ಲಿ ನಮ್ಮವರಿದ್ದರು. ಗಾದಿಯ ಮೇಲೆ ಕೂತು ಚೀಲದ ಲೆಕ್ಕ ಬರೆಯುವ ಗುಮಾಸ್ತನಿಗೆ ಮಾತ್ರ ನಂಬಿಕೆ ಬೇಕು, ನಂಬಿಕೆಗೆ ಜಾಮೀನು ಬೇಕು, ಜಾಮೀನಿಗೆ ನೆಂಟಸ್ತಿಕೆ ಬೇಕು. ನಂಬಿಕೆ ಎಂಬ ಮಾತು ಇಲ್ಲಿ ಜಾತಿಯ ಇನ್ನೊಂದು ಹೆಸರು.

ಕರಾವಳಿಯಲ್ಲಿ ಇದೇ ನಂಬಿಕೆ ಬ್ಯಾಂಕುಗಳಾಯಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ, 1924ರ ಕರ್ಣಾಟಕ ಬ್ಯಾಂಕು, 1925ರ ಸಿಂಡಿಕೇಟ್, 1931ರ ವಿಜಯಾ ಬ್ಯಾಂಕು. ಒಂದೊಂದರ ಹಿಂದೆ ಒಂದೊಂದು ಸಮುದಾಯದ ಒಗ್ಗಟ್ಟಿತ್ತು, ಮತ್ತು ತಮ್ಮ ಬ್ಯಾಂಕು ತಮ್ಮ ಹುಡುಗರಿಗೆ ಕೆಲಸ ಕೊಟ್ಟು ಮೇಲೆತ್ತಿತು ಎಂಬುದನ್ನು ಆಯಾ ಸಮುದಾಯದವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಅವರ ಶ್ರಮವನ್ನು ನಾನು ಕೀಳು ಮಾಡುವುದಿಲ್ಲ. ದಿನಕ್ಕೆರಡು ಆಣೆ ಕೂಡಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ತಂದದ್ದು ಸಣ್ಣ ಬುದ್ಧಿವಂತಿಕೆಯಲ್ಲ. ಆದರೆ ಸಮುದಾಯದ ಹುಡುಗನಿಗೆ ಸಿಕ್ಕ ಆ ಮೊದಲ ಕುರ್ಚಿಯನ್ನು ಸ್ವಸಹಾಯ ಎಂದು ಹೊಗಳುವ ನಾಡು, ನಮ್ಮ ಹುಡುಗನಿಗೆ ಸಿಕ್ಕ ಮೀಸಲು ಕುರ್ಚಿಯನ್ನು ಭಿಕ್ಷೆ ಎಂದು ಕರೆಯಿತಲ್ಲ, ಅದನ್ನು ಎತ್ತಿ ಹೇಳಬೇಕು.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು, 1980ರ ಏಪ್ರಿಲಿನಲ್ಲಿ ಇನ್ನಾರು ಬ್ಯಾಂಕುಗಳು ರಾಷ್ಟ್ರೀಕರಣವಾದವು. ಸಾಲ ಹಳ್ಳಿಗೆ ಬಂದದ್ದರ ಬಗ್ಗೆ ಪುಸ್ತಕಗಳಿವೆ. ನೇಮಕಾತಿ ಬದಲಾದದ್ದರ ಬಗ್ಗೆ ಬರೆದವರು ಕಡಿಮೆ. ನೇಮಕಾತಿ ಮಂಡಳಿಗಳು ಬಂದವು, ಪತ್ರಿಕೆಯಲ್ಲಿ ಜಾಹೀರಾತು ಬಂತು, ಲಿಖಿತ ಪರೀಕ್ಷೆ ಬಂತು, ರೋಸ್ಟರ್ ಬಂತು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಶುರುವಾಗಿ ನಮ್ಮ ರಾಯಚೂರು ಸೀಮೆಗೂ ಕೈಚಾಚಿತು. ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಓದಿದ ಹುಡುಗನಿಗೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಸಂದರ್ಶನದ ಕರೆ ಬರುವುದು ಸಾಧ್ಯವಾದದ್ದು ಆಗ. ಅವನಿಗೆ ಯಾರ ಕಡಿಂದ ಬಂದಿ ಎಂದು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. (ಒಳಗೆ ಹೋದ ಮೇಲೆ ಕೇಳಿದವರಿದ್ದರು, ಅದು ಬೇರೆ ಕತೆ.) ಕೇರಿಯಲ್ಲಿ ಮೊದಲ ಬ್ಯಾಂಕ್ ನೌಕರ, ಅವನ ಮನೆಗೆ ಮೊದಲ ಸಿಮೆಂಟಿನ ಮಾಳಿಗೆ, ಅವನ ತಂಗಿಗೆ ಡಿಗ್ರಿ. ನಮ್ಮ ಚಳವಳಿಯ ಎಷ್ಟೋ ಕರಪತ್ರಗಳ ಮುದ್ರಣದ ಖರ್ಚನ್ನು ಕೊಟ್ಟವರು ಇಂಥ ಗುಮಾಸ್ತರೇ.

1991ರ ನಂತರ ಕೆಲಸ ಬೇರೆ ಕಡೆ ಹೋಯಿತು. ಖಾಸಗಿ ಬ್ಯಾಂಕುಗಳು ಬಂದವು, ಬೆಂಗಳೂರಿನಲ್ಲಿ ವಿದೇಶಿ ಹಣಕಾಸು ಸಂಸ್ಥೆಗಳು ಕಚೇರಿ ತೆರೆದವು. ಬ್ಯಾಂಕ್ ನೇಮಕಾತಿ ಮಂಡಳಿಗಳನ್ನು 2001ರಲ್ಲಿ ವಿಸರ್ಜಿಸಿದರು. ಸರಕಾರಿ ಬ್ಯಾಂಕುಗಳಿಗೆ ಮುಂದೆ 2011ರಿಂದ ಸಾಮಾನ್ಯ ಪರೀಕ್ಷೆ ಬಂತು ನಿಜ, ಮೀಸಲಾತಿ ಅಲ್ಲಿ ಉಳಿದಿದೆ. ಆದರೆ ಒಂದನ್ನೊಂದು ನುಂಗುತ್ತ ಆ ಬ್ಯಾಂಕುಗಳೇ ಕಡಿಮೆಯಾದವು. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಹೆಸರು ಕಳೆದುಕೊಂಡವು. ಗ್ರಾಮೀಣ ಬ್ಯಾಂಕುಗಳೆಲ್ಲ ಸೇರಿ 2025ರ ಮೇ ತಿಂಗಳಿಂದ ರಾಜ್ಯಕ್ಕೊಂದೇ ಆಗಿದೆ. 2012ರಲ್ಲಿ ಸಂವಿಧಾನಕ್ಕೆ ತಂದ 371ಜೆ ವಿಧಿ ನಮ್ಮ ಸೀಮೆಯ ಹುಡುಗರಿಗೆ ಸರಕಾರಿ ಹುದ್ದೆಯಲ್ಲಿ, ಕಾಲೇಜಿನಲ್ಲಿ ಪಾಲು ಕೊಟ್ಟಿತು. ಖಾಸಗಿ ಕಚೇರಿಯ ಗೇಟಿನ ಹತ್ತಿರ ಅದು ನಿಂತುಬಿಡುತ್ತದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಪಾಲು ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿಯಿತು. ಅದು ಬಂದಿದ್ದರೂ ಹಳೆಯ ಮುಲ್ಕಿ ಜಗಳದ ಹಾಗೆ ‘ಸ್ಥಳೀಯ’ ಯಾರು ಎಂಬುದನ್ನು ಕೇಳುತ್ತಿತ್ತು, ಸ್ಥಳೀಯರಲ್ಲಿ ಯಾವ ಓಣಿಯವನು ಎಂಬುದನ್ನು ಕೇಳುತ್ತಿರಲಿಲ್ಲ.

ಕರೆ ಬರದಿರುವುದಕ್ಕೆ ಸಾಕ್ಷಿಯಿಲ್ಲ ಎಂದು ಮೇಲೆ ಹೇಳಿದೆ. ಒಬ್ಬೊಬ್ಬನ ಕೈಯಲ್ಲಿ ಸಾಕ್ಷಿಯಿಲ್ಲ, ಆದರೆ ಎಲ್ಲರದ್ದನ್ನೂ ಕೂಡಿಸಿದರೆ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟವೆಲ್ 2005ರ ಅಕ್ಟೋಬರಿನಿಂದ 66 ವಾರ ಇಂಗ್ಲಿಷ್ ಪತ್ರಿಕೆಗಳ ಖಾಸಗಿ ಕೆಲಸದ ಜಾಹೀರಾತುಗಳಿಗೆ ಅರ್ಜಿ ಕಳಿಸಿ ನೋಡಿದರು. 548 ಜಾಹೀರಾತು, 4808 ಅರ್ಜಿ. ಓದು, ಅನುಭವ ಎಲ್ಲ ಸರಿಸಮ. ಹೆಸರು ಮಾತ್ರ ಬೇರೆ. ಒಂದು ಮೇಲುಜಾತಿಯ ಹಿಂದೂ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. ಶೇರು ಹೂಡಿಕೆಯ ಕಂಪನಿ, ಲೆಕ್ಕಪರಿಶೋಧನೆಯ ಸಂಸ್ಥೆ, ಬ್ಯಾಂಕುಗಳೂ ಆ ಪಟ್ಟಿಯಲ್ಲಿದ್ದವು. ಮೇಲುಜಾತಿ ಹೆಸರಿಗೆ ಕರೆ ಬರುವ ಸಂಭವವನ್ನು 1 ಎಂದು ಹಿಡಿದರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33 ಬಂತು. 2007ರಲ್ಲಿ ಇದು ಪ್ರಕಟವಾಯಿತು. ನೆನಪಿಡಿ, ಇಲ್ಲಿ ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ.

ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೆಹಲಿ ಸುತ್ತಿನ 25 ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿ ಬರೆದರು. ಎಲ್ಲರೂ ಪ್ರತಿಭೆಯೊಂದನ್ನೇ ನೋಡುತ್ತೇವೆ ಎಂದವರೇ. ಹೆಚ್ಚುಕಡಿಮೆ ಎಲ್ಲರೂ ಅಭ್ಯರ್ಥಿಯ ಮನೆತನದ ಹಿನ್ನೆಲೆ ಕೇಳುವವರೇ. ಅಪ್ಪ ಏನು ಮಾಡುತ್ತಾನೆ, ಅಣ್ಣ ಏನು ಮಾಡುತ್ತಾನೆ, ಯಾವ ಊರು. ಹಾಗಾದರೆ ನಮ್ಮ ಅಡತಿ ಸಾಹುಕಾರ ಏನು ತಪ್ಪು ಮಾಡಿದ? ಅವನು ಇದನ್ನೇ ಲಿಂಗಸುಗೂರಿನ ಕನ್ನಡದಲ್ಲಿ ಕೇಳಿದ್ದ.

ಈಗ ರೆಫರಲ್ ಇದರ ಮೇಲೆ ಏನು ಸೇರಿಸುತ್ತದೆ? ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದವರನ್ನು ಕೇಳಿ 1974ರಲ್ಲಿ ಪುಸ್ತಕ ಬರೆದ. ಅರ್ಧಕ್ಕಿಂತ ಹೆಚ್ಚು ಜನ ಪರಿಚಯದ ಮೂಲಕವೇ ಕೆಲಸ ಹಿಡಿದಿದ್ದರು. ಅದರಲ್ಲೂ ಮನೆಮಂದಿ, ಜೀವದ ಗೆಳೆಯರಿಗಿಂತ ಅಪರೂಪಕ್ಕೆ ಭೇಟಿಯಾಗುವ ಪರಿಚಿತರೇ ಹೆಚ್ಚು ಉಪಯೋಗಕ್ಕೆ ಬಂದಿದ್ದರು. ಯಾಕೆಂದರೆ ಮನೆಯವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದ ಪರಿಚಿತ ಮಾತ್ರ ಬೇರೆ ಲೋಕದ ಸುದ್ದಿ ತರುತ್ತಾನೆ. ಇದನ್ನು ನಮ್ಮ ಕೇರಿಗೆ ತಂದು ನೋಡಿ. ಜೀವಕ್ಕೆ ಜೀವ ಕೊಡುವವರು ನಮಗೆ ಬೇಕಾದಷ್ಟು ಇದ್ದಾರೆ. ಸತ್ತರೆ ಹೊರಲಿಕ್ಕೆ ಇಡೀ ಓಣಿ ಬರುತ್ತದೆ. ಹೂಡಿಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ, ಮದುವೆಯಲ್ಲಿ ಒಮ್ಮೆ ನಮಸ್ಕಾರ ಹೇಳಿದ ದೂರದ ಪರಿಚಿತ ಮಾತ್ರ ಇಲ್ಲ. ಮೇಲುಜಾತಿಯ ಹುಡುಗನಿಗೆ ಅಂಥವನು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೇ ಸಿಗುತ್ತಾನೆ. ಅದಕ್ಕೆ ಅವನು ವಶೀಲಿ ಅನ್ನುವುದಿಲ್ಲ, ‘ಅಂಕಲ್ ಒಬ್ಬರು ಗೈಡ್ ಮಾಡಿದರು’ ಅನ್ನುತ್ತಾನೆ.

ಅಮೆರಿಕದ ದೊಡ್ಡ ಕಂಪನಿಯೊಂದರ ದಾಖಲೆಗಳನ್ನು ಹಿಡಿದು ಬ್ರೌನ್, ಸೆಟ್ರೆನ್, ಟೋಪಾ ಎಂಬ ಸಂಶೋಧಕರು ನೋಡಿದಾಗಲೂ, ನೌಕರರು ಪರಿಚಯಿಸಿದವರಿಗೆ ಸಂದರ್ಶನವೂ ಕೆಲಸವೂ ಸಿಗುವ ಸಂಭವ ಹೆಚ್ಚಿತ್ತು. ಮತ್ತು ನೌಕರರು ಹೆಚ್ಚಾಗಿ ತಮ್ಮ ಜನಾಂಗದವರನ್ನೇ ಪರಿಚಯಿಸಿದ್ದರು. ಅಲ್ಲಿ ಜನಾಂಗ, ಇಲ್ಲಿ ಜಾತಿ. ನಮ್ಮ ಕಂಪನಿಗಳ ತಲೆಯ ಮೇಲೆ ಯಾರಿದ್ದಾರೆ ಎಂಬುದನ್ನೂ ನೋಡಿಬಿಡೋಣ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ 1000 ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ಪರಿಶೀಲಿಸಿತು. ನಿರ್ದೇಶಕರಲ್ಲಿ ನೂರಕ್ಕೆ ಸುಮಾರು 93 ಮಂದಿ ಮುಂದುವರಿದ ಜಾತಿಯವರು, ಪರಿಶಿಷ್ಟ ಜಾತಿ ಪಂಗಡಗಳು ಸೇರಿ 3.5. ಮೇಲಿನಿಂದ ಕೆಳಕ್ಕೆ ಪರಿಚಯದ ನೀರು ಹರಿದರೆ ಯಾರ ಹೊಲಕ್ಕೆ ಹರಿಯುತ್ತದೆಂದು ಕಾಲುವೆಯ ಕೊನೆಯ ರೈತನಿಗೆ ಹೇಳಿಕೊಡಬೇಕಾಗಿಲ್ಲ.

ಹಣಕಾಸಿನ ಓದಿನಲ್ಲಿ ನಮಗೆ ಯೋಗ್ಯತೆ ಇಲ್ಲ ಎನ್ನುವವರಿಗೆ ಬಾಬಾಸಾಹೇಬರ ಬದುಕನ್ನೇ ತೋರಿಸಬೇಕಾಗುತ್ತದೆ. ನಾವು ಅವರನ್ನು ಸಂವಿಧಾನದ ಕರ್ತೃವಾಗಿ ನೋಡುತ್ತೇವೆ, ಅರ್ಥಶಾಸ್ತ್ರಜ್ಞನಾಗಿ ಮರೆಯುತ್ತೇವೆ. ರೂಪಾಯಿಯ ಸಮಸ್ಯೆ ಕುರಿತು 1923ರಲ್ಲಿ, ಪ್ರಾಂತೀಯ ಹಣಕಾಸು ಕುರಿತು 1925ರಲ್ಲಿ ಪುಸ್ತಕ ತಂದವರು. ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದವರು. 1917ರಲ್ಲಿ ಬರೋಡಾಕ್ಕೆ ಹೋದಾಗ ಮುಂದೆ ಹಣಕಾಸು ಮಂತ್ರಿಯಾಗಬಹುದೆಂಬ ಉದ್ದೇಶವಿಟ್ಟು ಅವರನ್ನು ತೆಗೆದುಕೊಂಡಿದ್ದರು. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಹೊರಗೆ ಹಾಕಿದರು. ಮುಂಬಯಿಗೆ ಮರಳಿ ಶೇರು ವ್ಯವಹಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆಗಾರನ ಜಾತಿ ತಿಳಿದ ಮೇಲೆ ಗಿರಾಕಿಗಳು ನಿಂತರು. ಕೊಲಂಬಿಯಾದ ಓದು, ಲಂಡನ್ನಿನ ಓದು, ಯಾವುದೂ ಆ ಹೊಸ್ತಿಲನ್ನು ದಾಟಿಸಲಿಲ್ಲ.

ಆದರೆ ಇದೇ ಬದುಕಿನಲ್ಲಿ ಇನ್ನೊಂದು ಸಂಗತಿಯೂ ಇದೆ, ಅದನ್ನು ಬಿಟ್ಟು ಹೋದರೆ ವಿಮರ್ಶೆ ಅರ್ಧವಾಗುತ್ತದೆ. 1907ರಲ್ಲಿ ಮೆಟ್ರಿಕ್ ಪಾಸಾದ ಹುಡುಗನನ್ನು ಗುರುತಿಸಿದ ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಎಂಬ ಶಿಕ್ಷಕರು ಬರೋಡಾದ ಸಯಾಜಿರಾವ್ ಮಹಾರಾಜರವರೆಗೆ ಅವನ ವಿಷಯ ಮುಟ್ಟಿಸಿದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಬಂತು, 1913ರಲ್ಲಿ ಅಮೆರಿಕದ ಹಡಗು ಸಿಕ್ಕಿತು. 1918ರಲ್ಲಿ ಸಿಡನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆಗೆ ಮಾಜಿ ಗವರ್ನರ್ ಲಾರ್ಡ್ ಸಿಡನ್‌ಹ್ಯಾಮರ ಪರಿಚಯ ನೆರವಾಯಿತೆಂದು ಧನಂಜಯ ಕೀರ್ ಬರೆಯುತ್ತಾರೆ. ಇದು ರೆಫರಲ್ ಅಲ್ಲದೆ ಇನ್ನೇನು? ಇದರಿಂದ ಬಾಬಾಸಾಹೇಬರ ಪ್ರತಿಭೆ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ. ಅಂಥ ಪ್ರತಿಭೆಗೂ ಒಬ್ಬ ಕೇಳೂಸ್ಕರ್ ಬೇಕಾಯಿತು ಎಂದರೆ, ನಡುಮಟ್ಟದ ಪ್ರತಿಭೆಯ ನಮ್ಮ ಬಿ.ಕಾಂ. ಹುಡುಗರ ಗತಿಯೇನು? ಮೇಲುಜಾತಿಯ ನಡುಮಟ್ಟದ ಹುಡುಗನಿಗೆ ಸಂದರ್ಶನ ಸಿಗುತ್ತದೆ. ನಮ್ಮವನು ಸಂದರ್ಶನಕ್ಕೆ ಹೋಗಬೇಕಾದರೆ ಅಂಬೇಡ್ಕರ್ ಆಗಿರಬೇಕು ಎಂಬ ನಿರೀಕ್ಷೆ ಯಾವ ನ್ಯಾಯ?

ನಮ್ಮೊಳಗೇ ಎರಡು ವಾದಗಳಿವೆ. ನಾವೂ ಜಾಲ ಕಟ್ಟೋಣ, ಒಳಗೆ ಹೋದ ನೂರು ದಲಿತ ನೌಕರರು ತಲಾ ಇಬ್ಬರ ಹೆಸರು ಹಾಕಲಿ ಎನ್ನುವವರು ಒಂದು ಕಡೆ. ವಶೀಲಿಯೇ ಬ್ರಾಹ್ಮಣ್ಯದ ಯಂತ್ರ, ಅದನ್ನು ನಾವು ಮುಟ್ಟಬಾರದು ಎನ್ನುವವರು ಇನ್ನೊಂದು ಕಡೆ. ಎರಡನೆಯ ವಾದದ ಶುದ್ಧತೆ ನನಗೆ ಒಪ್ಪಿಗೆಯಿಲ್ಲ. ಹಸಿದವನಿಗೆ ಶುದ್ಧಿಯ ಪಾಠ ಹೇಳಬಾರದು. ಒಳಗಿರುವ ದಲಿತ ನೌಕರ ಹೆಸರು ಹಾಕಲಿ, ತಪ್ಪೇನಿಲ್ಲ. ಆದರೆ ಅವನ ಕಷ್ಟವನ್ನೂ ತಿಳಿಯಬೇಕು. ಎಷ್ಟೋ ಜನ ಅಲ್ಲಿ ತಮ್ಮ ಅಡ್ಡಹೆಸರನ್ನು ಮುಚ್ಚಿಟ್ಟು ಬದುಕುತ್ತಿದ್ದಾರೆ. ತನ್ನೂರಿನ ಹುಡುಗನ ಹೆಸರು ಹಾಕುವುದೆಂದರೆ ತನ್ನ ಓಣಿಯ ವಿಳಾಸವನ್ನೇ ಕಚೇರಿಯ ಗೋಡೆಗೆ ಅಂಟಿಸಿದ ಹಾಗೆ. ಹುಡುಗ ಎಡವಿದರೆ ಒಬ್ಬ ಹುಡುಗ ಎಡವಿದ ಅನ್ನುವುದಿಲ್ಲ, ‘ಅವರು ಹಾಗೇನೇ’ ಅನ್ನುತ್ತಾರೆ. ಮೇಲುಜಾತಿಯ ನೌಕರನಿಗೆ ಈ ಭಯದ ತೆರಿಗೆ ಇಲ್ಲ.

ಮೊದಲ ವಾದಕ್ಕೂ ಒಂದು ಮಿತಿಯಿದೆ. ಒಳಗೆ ಮೂರು ಜನರಿದ್ದಾಗ ಆರು ಹೆಸರು, ಒಳಗೆ ತೊಂಬತ್ತಿದ್ದವರಿಗೆ ನೂರೆಂಬತ್ತು. ಇಬ್ಬರಿಗೂ ಒಂದೇ ನಿಯಮ, ಅಂತರ ಮಾತ್ರ ವರ್ಷವರ್ಷಕ್ಕೆ ಹೆಚ್ಚುತ್ತದೆ. 1854ರ ರೆವಿನ್ಯೂ ಬೋರ್ಡಿಗೆ ಅರ್ಥವಾದ ಈ ಗಣಿತ ನಮ್ಮ ಕಾಲದ ಕಂಪನಿಗಳಿಗೆ ಅರ್ಥವಾಗುವುದಿಲ್ಲವೆಂದರೆ ನಂಬುವುದು ಕಷ್ಟ. ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ ದೊಡ್ಡ 500 ಕಂಪನಿಗಳಲ್ಲಿ ತಿಂಗಳಿಗೆ 5000 ರೂಪಾಯಿಯ ಇಂಟರ್ನ್‌ಶಿಪ್ ಯೋಜನೆ ಆರಂಭಿಸಿತು. ಬಹಿರಂಗವಾಗಿ ಅರ್ಜಿ ಕರೆಯುವುದು ಒಳ್ಳೆಯದೇ. ಕೊನೆಯ ಆಯ್ಕೆ ಮಾತ್ರ ಕಂಪನಿಯದು, ಮತ್ತು 5000 ರೂಪಾಯಿಯಲ್ಲಿ ಬೆಂಗಳೂರಿನಲ್ಲಿ ಒಂದು ಕೋಣೆ ಹಿಡಿದು ಉಣ್ಣುವುದು ಹೇಗೆಂದು ಲಿಂಗಸುಗೂರಿನಿಂದ ರಾತ್ರಿ ಬಸ್ಸು ಹತ್ತುವ ಹುಡುಗನ ತಾಯಿಯನ್ನು ಕೇಳಬೇಕು. ಹಳೆಯ ಉಮೇದುವಾರನ ಮನೆಯಲ್ಲಿದ್ದ ಇನಾಂ ಭೂಮಿ ಅವಳ ಹತ್ತಿರ ಇಲ್ಲ.

ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಚಿನ್ನ ಹುಡುಕುವ ಎಂಜಿನಿಯರ್. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ತೋರಿಸಿಕೊಟ್ಟ ಕಲ್ಲು ಅದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿ ಎಂಬ ಅರ್ಥದ ಮಾತು ಅದರಲ್ಲಿದೆ. ಅದನ್ನು ಬಂಡೆಯ ಮೇಲೆ ಕೊರೆಸಿದ, ಯಾರ ಕಿವಿಯಲ್ಲೂ ಹೇಳಿ ಕಳಿಸಲಿಲ್ಲ. ಕಂಪನಿಗಳಿಂದ ನಾವು ಕೇಳಬೇಕಾದದ್ದೂ ಇಷ್ಟೇ. ಕಳೆದ ವರ್ಷ ಎಷ್ಟು ಇಂಟರ್ನ್‌ಗಳನ್ನು ತೆಗೆದುಕೊಂಡಿರಿ, ಅವರಲ್ಲಿ ನೌಕರರ ಪರಿಚಯದಿಂದ ಸಂದರ್ಶನಕ್ಕೆ ಬಂದವರೆಷ್ಟು, ಯಾವ ಯಾವ ಕಾಲೇಜಿನವರು, ಯಾವ ಯಾವ ಜಿಲ್ಲೆಯವರು, ಯಾವ ಯಾವ ಜಾತಿಯವರು, ಬರೆದು ಹಾಕಿ. ಇದು ಆಗದ ಮಾತೇನಲ್ಲ. ಶೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳು 2022–23ರಿಂದ ತಮ್ಮ ಸಾಮಾಜಿಕ ಜವಾಬ್ದಾರಿಯ ವರದಿಯನ್ನು ಸೆಬಿಗೆ ಕಡ್ಡಾಯವಾಗಿ ಕೊಡಬೇಕೆಂದು ನಿಯಮ ಬಂತು. ಆ ನಮೂನೆಯಲ್ಲಿ ಹೆಂಗಸರೆಷ್ಟು ಎಂಬ ಕಾಲಂ ಇದೆ, ಅಂಗವಿಕಲರೆಷ್ಟು ಎಂಬ ಕಾಲಂ ಇದೆ, ಸುಟ್ಟ ವಿದ್ಯುತ್ತೆಷ್ಟು, ಬಳಸಿದ ನೀರೆಷ್ಟು ಎಂಬುದಕ್ಕೂ ಜಾಗವಿದೆ. ನೌಕರರಲ್ಲಿ ಪರಿಶಿಷ್ಟ ಜಾತಿಯವರೆಷ್ಟು ಎಂಬ ಕಾಲಂ ಇಟ್ಟಿರಲಿಲ್ಲ.